ಅಂಗಳದ ಪಾಚಿಗೆ ಪ್ರೆಷರ್ ವಾಷರ್

ಪ್ರಶ್ನೆ: ಮಳೆಗಾಲದ ನಂತರ ನಮ್ಮ ಅಂಗಳದ ಇಂಟರ್‌ಲಾಕ್ ಕಲ್ಲುಗಳ ಮೇಲೆ ಪಾಚಿ ಕಟ್ಟಿ ಕಾಲಿಟ್ಟಲ್ಲಿ ಜಾರುತ್ತದೆ. ಕಾರು ತೊಳೆಯುವ ಪ್ರೆಷರ್ ವಾಷರ್ ಬಳಸಬಹುದೇ? ಪಕ್ಕದಲ್ಲಿ ಮುರಕಲ್ಲಿನ ಕಟ್ಟೆಯೂ ಇದೆ.
– ಓದುಗರೊಬ್ಬರು, ಪುತ್ತೂರು

ಉತ್ತರ: ಇಂಟರ್‌ಲಾಕ್‌ಗೆ ಧಾರಾಳವಾಗಿ ಬಳಸಿ, ಮುರಕಲ್ಲಿನ ತಂಟೆಗೆ ಮಾತ್ರ ಹೋಗಬೇಡಿ. ಮೈಯೆಲ್ಲ ರಂಧ್ರವಿರುವ ಆ ಕಲ್ಲು 100 ಬಾರ್ ಒತ್ತಡದ ನೀರಿಗೆ ಕೆಂಪು ಪುಡಿಯಾಗಿ ಉದುರುತ್ತದೆ. ನಮ್ಮ ಮನೆಯ ಕಟ್ಟೆಯನ್ನು ನಾನು ಇಂದಿಗೂ ಹಿಡಿಸೂಡಿಯಲ್ಲೇ ಉಜ್ಜುತ್ತೇನೆ. ಇಂಟರ್‌ಲಾಕ್‌ಗೆ ನೀರನ್ನು ಒಂದೇ ಗೆರೆಯಲ್ಲಿ ಚಿಮ್ಮಿಸುವ ಸೊನ್ನೆ ಡಿಗ್ರಿ ನಾಝಲ್ (ಪೈಪಿನ ತುದಿಯ ಮೂತಿ) ಬೇಡ. ಬೀಸಣಿಗೆಯಂತೆ ಹರಡುವ 40 ಡಿಗ್ರಿಯದನ್ನು ಹಾಕಿ, ಒಂದಡಿ ದೂರದಿಂದ ಓರೆಯಾಗಿ ಹಿಡಿಯಿರಿ. ಆದರೂ ಸಂದುಗಳ ಮರಳು ಒಂದಿಷ್ಟು ಹಾರಿಯೇ ಹಾರುತ್ತದೆ. ಒಣಗಿದ ಮೇಲೆ ಹೊಸ ಮರಳು ತುಂಬದಿದ್ದರೆ ಕಲ್ಲುಗಳು ಅಲುಗಾಡತೊಡಗುತ್ತವೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಸುರಿಯುವ ಅತ್ಯುತ್ಸಾಹ ಖಂಡಿತ ಬೇಡ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಹವಾಯಿ ಚಪ್ಪಲಿಯೂ ಬೇಡ, ಬೂಟು ಹಾಕಿ.