ಅಕ್ಕನ ಮಗನ ಮಾನಸಿಕ ಚಿಕಿತ್ಸೆಗೆ ಒಡವೆ ಅಡವಿಟ್ಟು ಖಾಸಗಿ ಆಸ್ಪತ್ರೆಗೆ ಹೋಗಬೇಕಾ? ಸರ್ಕಾರಿ ಜಾಗ ಬಡವರಿಗೆ ಮಾತ್ರ ಅಲ್ವಾ?

ಅಡವಿಡಬೇಡಿ. 14 ವರ್ಷದ ಹುಡುಗ ಸಾಯುತ್ತೇನೆ ಅನ್ನುತ್ತಿದ್ದಾನೆ, ಆಸ್ಪತ್ರೆಯವರು ಮುಂಗಡ ಕೇಳಿದ್ದಾರೆ, ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್ ಅಂದರೆ ಮನೆಯವರು ಹೆದರುತ್ತಾರೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಆಗಿದ್ದೂ ಇದೇ.

2021ನೇ ಇಸವಿ. ಮಗಳು ಒಂಬತ್ತನೇ ಕ್ಲಾಸು. ಪಾಠವೆಲ್ಲ ಮೊಬೈಲಿನಲ್ಲೇ ನಡೆಯುತ್ತಿದ್ದ ಕಾಲ. ಮೊದಲು ಊಟ ಬಿಟ್ಟಳು, ಆಮೇಲೆ ಮಾತು ಬಿಟ್ಟಳು. ಒಂದು ರಾತ್ರಿ ಬಚ್ಚಲುಮನೆಯ ಚಿಲಕ ಹಾಕಿಕೊಂಡವಳು ತೆಗೆಯಲೇ ಇಲ್ಲ. ನಮ್ಮವರು ಬಾಗಿಲು ಒದ್ದು ತೆಗೆದರು. ಆಗ ನಾವಿದ್ದದ್ದು ಬಿಟಿಎಂ ಲೇಔಟಿನಲ್ಲಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರವೇ, ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ನಮ್ಮ ಆಟೋ ಆ ಗೇಟಿನ ಮುಂದೆಯೇ ಹಾದುಹೋಯಿತು. "ಅಲ್ಲಿಗೆ ಮಾತ್ರ ಬೇಡಮ್ಮ, ನಾಳೆ ಹುಡುಗಿಗೆ ಯಾರು ಗಂಡು ಕೊಡ್ತಾರೆ?" ಅಂತ ಅತ್ತೆ ಫೋನಿನಲ್ಲಿ ಅಳುತ್ತಿದ್ದರು. ಖಾಸಗಿ ಆಸ್ಪತ್ರೆಗೆ ಹೋದೆವು.

ಡಾಕ್ಟರು ಒಳ್ಳೆಯವರೇ. ಆದರೆ ಮಕ್ಕಳಿಗೆ ಅಂತ ಬೇರೆ ವಾರ್ಡ್ ಇರಲಿಲ್ಲ. ಕುಡಿತ ಬಿಡಿಸಲು ಕರೆತಂದ ದೊಡ್ಡವರಿದ್ದ ಮಹಡಿಯಲ್ಲೇ ಇವಳಿಗೂ ರೂಮು.

ಅಲ್ಲಿ ನಾನು ಮಾಡಿದ ತಪ್ಪು ಕೇಳಿ. ನಮ್ಮ ಹತ್ತಿರ ಆರೋಗ್ಯ ವಿಮೆ ಇತ್ತು, ವರ್ಷವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿದ್ದೆವು. ಇನ್ಶೂರೆನ್ಸ್ ಡೆಸ್ಕಿನ ಹುಡುಗ ಕಾರ್ಡು ನೋಡಿ, "ಮೆಂಟಲ್ ಕೇಸ್ ಕವರ್ ಆಗಲ್ಲ ಮೇಡಂ" ಅಂದ. ನಾನು ಸರಿ ಅಂದು ಬಂದುಬಿಟ್ಟೆ. ಅರ್ಜಿ ಹಾಕಿಸಲಿಲ್ಲ. ಆಗಲ್ಲ ಅನ್ನುವುದನ್ನು ಬರೆದು ಕೊಡಿ ಅಂತ ಕೇಳಲಿಲ್ಲ. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು, "ಮೆಂಟಲ್" ಅನ್ನುವುದು ಅವರ ಕಿವಿಗೂ ಬಿದ್ದಿತ್ತು. ಅಲ್ಲಿಂದ ಹೊರಟರೆ ಸಾಕಾಗಿತ್ತು ನನಗೆ. ಕಾಯಿಲೆಯ ಹೆಸರು ಕಾಗದದ ಮೇಲೆ ಬರದಿದ್ದರೆ ಒಳ್ಳೆಯದೇ ಅಂತಲೂ ಅನ್ನಿಸಿತು. ಆದರೆ ಕಾಗದ ಇಲ್ಲ ಅಂದರೆ ಏನೂ ಇಲ್ಲ. ತಿಂಗಳುಗಳಾದ ಮೇಲೆ ಕಂಪನಿಗೆ ಫೋನ್ ಮಾಡಿದರೆ, ನಿಮ್ಮಿಂದ ಕ್ಲೇಮೇ ಬಂದಿಲ್ಲ, ನಾವು ತಿರಸ್ಕರಿಸಿಯೂ ಇಲ್ಲ, ಈಗ ಗಡುವು ಮುಗಿದಿದೆ ಅಂದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೇಹದ ಕಾಯಿಲೆಗೆ ವಿಮೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೆಯೇ ಕೊಡಬೇಕು. ಕಂಪನಿ ಒಪ್ಪದಿದ್ದರೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೂ ಮೊದಲು ಕಂಪನಿಗೆ ಬರೆದಿರಬೇಕು. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅಮ್ಮ ಕೊಟ್ಟ ಎರಡೆಳೆ ಸರ ಹೋಯಿತು, ಅದು ಹೋಗಲಿ. ದುಡ್ಡು ಮುಗಿಯಿತು ಅಂತ ಡಾಕ್ಟರು ಬೇಡ ಅಂದರೂ ಮಗಳನ್ನು ಬೇಗ ಡಿಸ್ಚಾರ್ಜ್ ಮಾಡಿಸಿಕೊಂಡು ಬಂದೆವು. ಆ ಒಂದು ಕಾಗದ ಕೇಳಿದ್ದರೆ ಅವಳಿಗೆ ಚಿಕಿತ್ಸೆ ಪೂರ್ತಿ ಸಿಗುತ್ತಿತ್ತು. ಮನೆಗೆ ಬಂದ ಮೇಲೆ ಮತ್ತೆ ಅದೇ ಸ್ಥಿತಿ, ಮೊದಲಿಗಿಂತ ಜಾಸ್ತಿ.

ಎರಡನೇ ಸಲ ಯಾರ ಮಾತನ್ನೂ ಕೇಳದೆ ನಿಮ್ಹಾನ್ಸ್ ಗೇಟಿನೊಳಗೆ ಹೋದೆ. ಅಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ವಾರ್ಡಿನಲ್ಲಿ ಮಗುವಿನ ಜೊತೆ ನಾನೂ ಇದ್ದೆ. ಪಕ್ಕದ ಹಾಸಿಗೆಯ ಹುಡುಗಿಯ ಅಪ್ಪ ಬ್ಯಾಂಕ್ ಮ್ಯಾನೇಜರ್, ಆ ಕಡೆ ರಾಯಚೂರಿನಿಂದ ಬಂದ ಕೂಲಿಯವರು. ಬಡವರ ಜಾಗ ಅಂತ ಯಾರು ಹೇಳಿದರು ನಿಮಗೆ? ಬಿಪಿಎಲ್‌ನವರಿಗೆ ಪುಕ್ಕಟೆ, ಉಳಿದವರಿಗೂ ಖಾಸಗಿ ಬಿಲ್ಲಿಗೆ ಹೋಲಿಸಿದರೆ ಏನೂ ಅಲ್ಲ. ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಮಾತಿತ್ತು, ಇಂಥದ್ದಕ್ಕೆಲ್ಲ ಸರ್ಕಾರ ದುಡ್ಡು ಹಾಕಲಿ ಅಂತ ಕೇಳುವುದು ಸರಿಯಾ ಅಂತ. ಸರಿ, ಜೋರಾಗಿಯೇ ಕೇಳಬೇಕು. ಅದೇ ಕಾಯ್ದೆಯ 18ನೇ ಸೆಕ್ಷನ್ ಮಕ್ಕಳ ಮಾನಸಿಕ ಆರೋಗ್ಯ ಸೇವೆಯನ್ನು ಹೆಸರು ಹಿಡಿದು ಹೇಳುತ್ತದೆ. ಜಿಲ್ಲೆಯಲ್ಲಿ ಸರ್ಕಾರದ ಸೇವೆ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಆದ ಖರ್ಚನ್ನು ಸರ್ಕಾರವೇ ಕೊಡಬೇಕು ಅನ್ನುತ್ತದೆ. ಆದರೆ ಜನ ಬೀದರ್‌ನಿಂದಲೂ ಚಾಮರಾಜನಗರದಿಂದಲೂ ಮಗುವನ್ನು ಎತ್ತಿಕೊಂಡು ಈ ಒಂದು ಗೇಟಿಗೇ ಬರುತ್ತಾರೆ. 2022ರ ಅಕ್ಟೋಬರಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಬಂತು, ತುಂಬಾ ಒಳ್ಳೆಯದಾಯಿತು. ಫೋನಿಟ್ಟ ಮೇಲೆ ಆ ರಾತ್ರಿ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ಮಾತ್ರ. ಹೊಸ ದೊಡ್ಡ ಕಟ್ಟಡ ಬೇಕಿಲ್ಲ. ಜಯನಗರ ಜನರಲ್ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್, ಪ್ರತಿ ಜಿಲ್ಲಾಸ್ಪತ್ರೆ, ಇಂಥ ಕಡೆ ಮಕ್ಕಳಿಗೆ ಅಂತ ಕೆಲವು ಹಾಸಿಗೆ, ರಾತ್ರಿ ಪಾಳಿಗೆ ತರಬೇತಿ ಆದ ನರ್ಸು, ಅವರ ಸಂಬಳ. ದುಡ್ಡು ಹೋಗಬೇಕಾದದ್ದು ಅಲ್ಲಿಗೆ.

ಈಗ ನಿಮ್ಮ ಹುಡುಗನ ವಿಷಯ. ಅವನನ್ನು ಒಬ್ಬನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಔಷಧಿ ಎಲ್ಲ ಬೀಗದೊಳಗಿಡಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ರಾತ್ರಿಯಾದರೂ ಕನ್ನಡದಲ್ಲಿ ಮಾತಾಡುತ್ತಾರೆ. ಏನಾದರೂ ಮಾಡಿಕೊಂಡಿದ್ದರೆ ಫೋನು ಗೀನು ಅಂತ ಕೂರದೆ 108ಕ್ಕೆ ಹೇಳಿ ಹತ್ತಿರದ ಆಸ್ಪತ್ರೆಗೆ ಹೋಗಿ. ನಿಮ್ಹಾನ್ಸಿಗೆ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಇಟ್ಟುಕೊಳ್ಳಿ. ಅಡ್ಮಿಟ್ ಬೇಕೋ ಬೇಡವೋ ಅಂತ ಅವರು ನೋಡಿ ಹೇಳುತ್ತಾರೆ. ಬೇಕು ಅಂದರೆ ನೀವು ಸೋದರಮಾವ ಅಂತ ಸಹಿ ಹಾಕಿದರೆ ಆಗುವುದಿಲ್ಲ. 18 ತುಂಬದವರ ಅರ್ಜಿಗೆ ಅಪ್ಪ ಅಮ್ಮ ಅಥವಾ ಕಾನೂನು ಪ್ರಕಾರದ ಪೋಷಕರೇ ಬೇಕು, ಅವರಾಗಲಿ ಅವರು ನೇಮಿಸಿದ ಒಬ್ಬರಾಗಲಿ ಜೊತೆಯಲ್ಲೇ ಉಳಿಯಬೇಕು. ಅಕ್ಕ ಭಾವನಲ್ಲಿ ಯಾರು ರಜೆ ಹಾಕುತ್ತಾರೆ, ಇಲ್ಲವಾದರೆ ಯಾರನ್ನು ನೇಮಿಸುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.