ತಂಡದ ಕಿರಿಯರು ಸಂದೇಹವಿದ್ದರೂ ಸುಮ್ಮನಿರುತ್ತಾರೆ. ಪರಸ್ಪರ ಸಂವಹನವನ್ನು ಸುಧಾರಿಸುವುದು ಹೇಗೆ?

ಈ ಸಮಸ್ಯೆಯನ್ನು ಬಹಳ ಗಂಭೀರವಾಗಿ ಪರಿಶೀಲಿಸಿದ ಕ್ಷೇತ್ರಗಳಲ್ಲಿ ವಿಮಾನಯಾನವೂ ಒಂದು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ಎದುರಿನ ವಿಮಾನ ರನ್‌ವೇಯಿಂದ ಸರಿದಿಲ್ಲವೇ ಎಂದು ಅವುಗಳಲ್ಲಿ ಒಂದಾದ, ಡಚ್ ವಿಮಾನಯಾನ ಸಂಸ್ಥೆ ಕೆಎಲ್‌ಎಂನ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಸರಿದಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದ ಮೇಲೆ ಮಾತು ಅಲ್ಲಿಗೇ ನಿಂತಿತು. ಸಂದೇಹ ಬಾಯಿಗೆ ಬಂದಿತ್ತು, ಆದರೆ ಹಿರಿತನದ ಮುಂದೆ ಅದಕ್ಕೆ ತೂಕ ಸಿಗಲಿಲ್ಲ. ಇಂತಹ ಅಪಘಾತಗಳ ಬಳಿಕ, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಮೊದಲ್ಗೊಂಡು, ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ತರಬೇತಿ ರೂಪುಗೊಂಡಿತು; ಕಿರಿಯರಿಗೆ ಪ್ರಶ್ನಿಸುವುದನ್ನು ಕಲಿಸಿದಷ್ಟೇ ಒತ್ತು ನೀಡಿ, ಕ್ಯಾಪ್ಟನ್‌ಗಳಿಗೆ ಕೇಳಿಸಿಕೊಳ್ಳುವುದನ್ನೂ ಅದು ಕಲಿಸುತ್ತದೆ.

ಕಚೇರಿಯ ತಂಡದಲ್ಲಿಯೂ ಬದಲಾವಣೆ ಮೇಲಿನವರಿಂದ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಸಭೆಯಲ್ಲಿ ಮುಖ್ಯಸ್ಥರು ತಮ್ಮ ನಿಲುವನ್ನು ಕೊನೆಯಲ್ಲಿ ಹೇಳಲಿ. "ಎಲ್ಲರಿಗೂ ಅರ್ಥವಾಯಿತೇ?" ಎಂದರೆ ನಮ್ಮಲ್ಲಿ ಹೂಂ ಎನ್ನದವರೇ ವಿರಳ, ಅದರ ಬದಲು "ಈ ಯೋಜನೆ ಎಲ್ಲಿ ಕೈಕೊಡಬಹುದು?" ಎಂದು ಒಬ್ಬೊಬ್ಬರನ್ನೂ ಕೇಳಿದರೆ, ಆಕ್ಷೇಪಿಸುವುದು ಉದ್ಧಟತನವಾಗದೆ ಕೆಲಸದ ಭಾಗವಾಗುತ್ತದೆ. ಪೈಲಟ್‌ಗಳು ನಿಯಂತ್ರಣ ಕೇಂದ್ರದ ಸೂಚನೆಯನ್ನು ಮರಳಿ ಉಚ್ಚರಿಸುವಂತೆ, ಕೆಲಸ ವಹಿಸಿಕೊಂಡವರು ಅದನ್ನು ತಮ್ಮದೇ ಮಾತಿನಲ್ಲಿ ತಿರುಗಿ ಹೇಳಲಿ. ಯಾರು, ಏನನ್ನು, ಯಾವಾಗ ಮುಗಿಸಬೇಕೆಂಬುದನ್ನು ಅಂದೇ ಬರೆದು ಎಲ್ಲರಿಗೂ ಕಳುಹಿಸಿದರೆ ಸಾಕು. ದೀರ್ಘ ನಡಾವಳಿಯ ಅಗತ್ಯವಿಲ್ಲ.