ಮಗ ಬೈಬಲ್ ಮುಟ್ಟುತ್ತಿಲ್ಲ ಎಂದು ಬರೆದ ತಂಗಿಗೆ

ಪ್ರೀತಿಯ ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಡುಪಿಯ ಮಿಷನ್ ಕಂಪೌಂಡಿನಿಂದ ಕೆನಡಾದ ಬ್ರಾಂಪ್ಟನ್‌ಗೆ ಬಂದು ಮೂರು ತಿಂಗಳಾಯಿತು ಅಂದಿದ್ದೀರಿ. ಬಾಡಿಗೆ, ಚಳಿಯ ಬಟ್ಟೆ, ಯಾವ ಸಭೆಗೆ, ಅಂದರೆ ಚರ್ಚಿಗೆ, ಹೋಗುವುದು, ಎಲ್ಲ ಕೇಳಿದ್ದೀರಿ. ಕೊನೆಯಲ್ಲಿ ಮಾತ್ರ, "ಅಕ್ಕಾ, ಊರಿನಲ್ಲಿ ಸಂಜೆ ಪ್ರಾರ್ಥನೆಗೆ ತಾನಾಗಿ ಬಂದು ಕೂರುತ್ತಿದ್ದ ಮಗ ಇಲ್ಲಿ ಬೈಬಲ್ ಮುಟ್ಟುತ್ತಿಲ್ಲ. ಅವನಿಗೆ 15 ವರ್ಷ. ಏನು ಮಾಡಲಿ?" ಎಂದಿದ್ದೀರಿ. ನೀವು ಪತ್ರ ಬರೆದದ್ದೇ ಆ ಮಾತಿಗಾಗಿ ಅಂತ ನನಗೆ ಅನಿಸಿತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆ ಹಿಡಿಯುವಾಗ ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಬಾಡಿಗೆ ಎರಡನ್ನೂ ಒಟ್ಟಿಗೆ ಕೇಳುತ್ತಾರೆ. ರಸೀದಿ ತೆಗೆದುಕೊಳ್ಳಿ. ಚಳಿಯ ಜಾಕೆಟನ್ನು ಇಲ್ಲೇ ಕೊಳ್ಳಿ, ಊರಿನಿಂದ ತಂದದ್ದು ಸಾಲದು. ಕುಚ್ಚಲಕ್ಕಿ ಶ್ರೀಲಂಕಾದವರ ಅಂಗಡಿಯಲ್ಲಿ ಸಿಗುತ್ತದೆ. ಸಭೆಯ ವಿಷಯ ಹೇಳುವುದಾದರೆ, ನಿಮ್ಮ ಮಕ್ಕಳ ವಯಸ್ಸಿನವರು ನಾಲ್ಕು ಜನ ಇರುವ ಕಡೆ ಹೋಗಿ. ಕನ್ನಡ ಆರಾಧನೆ ಇಲ್ಲ ಅಂತ ನಿಮಗೆ ಬೇಸರವಾಗುತ್ತದೆ, ನನಗೂ ಆಗಿತ್ತು. ಆದರೂ ಹೋಗಿ.

ಇನ್ನು ಮಗನ ಮಾತು.

ನಾನು 2004ರ ಜನವರಿಯಲ್ಲಿ ಬಂದೆ. ನನ್ನ ಮಗನಿಗೆ ಆಗ 7, ಮಗಳಿಗೆ 4. ಸೀರೆಯಲ್ಲಿ ಸುತ್ತಿ ಕನ್ನಡ ಸತ್ಯವೇದ ತಂದಿದ್ದೆ. ಸಂಜೆ ಬೇಗನೆ ಕತ್ತಲೆ, ಹೊರಗೆ ಹಿಮ. ಮಂಗಳೂರಿನ ಬಲ್ಮಠದಲ್ಲಿ ಏಳು ಗಂಟೆಗೆ ಪ್ರಾರ್ಥನೆಗೆ ಕೂತರೆ ಪಕ್ಕದ ಮನೆಯ ಹಾಡೂ ಕೇಳಿಸುತ್ತಿತ್ತು, ಅಲ್ವಾ? ಇಲ್ಲಿ ನಮ್ಮ ನಾಲ್ವರ ಧ್ವನಿ ಮಾತ್ರ. ಈ ಮನೆಯಲ್ಲಿ ಊರು ಉಳಿಯಬೇಕು ಅಂತ ಹಟ ಹಿಡಿದೆ. ದಿನಕ್ಕೊಂದು ಬೈಬಲ್ ವಚನ ಕಂಠಪಾಠ, ಅದೂ ಕನ್ನಡದಲ್ಲೇ. ತಪ್ಪಿದರೆ ಮತ್ತೆ ಮೊದಲಿನಿಂದ. ಟಿವಿ ಜಾಸ್ತಿ ನೋಡಿದ ದಿನ ಒಂದು ಅಧ್ಯಾಯ ಹೆಚ್ಚು ಓದಿಸುತ್ತಿದ್ದೆ. ಬೈಬಲನ್ನು ನಾನೇ ಶಿಕ್ಷೆ ಮಾಡಿಬಿಟ್ಟೆ. ನೀವು ಹಾಗೆ ಮಾಡಬೇಡಿ.

ಕನ್ನಡದ ಮೇಲೆ ನನಗಿದ್ದ ಅಭಿಮಾನಕ್ಕೆ ಕಾರಣ ಇತ್ತು. ನನ್ನ ಮುತ್ತಜ್ಜ ಮಂಗಳೂರಿನಲ್ಲಿ ಸ್ವಿಟ್ಜರ್‌ಲೆಂಡಿನ ಮಿಷನರಿಗಳು ನಡೆಸುತ್ತಿದ್ದ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ನಮ್ಮ ಊರಿನಲ್ಲೇ ಕಲ್ಲಚ್ಚಿನಲ್ಲಿ ಬಂತು. ಮಿಷನರಿ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅದೇ ಪ್ರೆಸ್ಸಿನಲ್ಲಿ ಅಚ್ಚಾಯಿತು. ಇದನ್ನೆಲ್ಲ ಹೇಳಿ ಹೇಳಿ ಮಕ್ಕಳಿಗೆ ಕನ್ನಡದಲ್ಲಿ ಓದಿಸುತ್ತಿದ್ದೆ. ಆದರೆ ಒಂದು ವಿಷಯ ನನಗೆ ಹೊಳೆದದ್ದು ಬಹಳ ತಡವಾಗಿ. 1847ರಲ್ಲಿ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತಲ್ಲ, ಯಾಕೆ? ಓದುಬರಹಕ್ಕೆ ಕನ್ನಡ ಇದ್ದೇ ಇತ್ತು. ನಮ್ಮ ಹಿರಿಯರು ಅಡುಗೆಮನೆಯಲ್ಲಿ ಆಡುವ ಮಾತಿನಲ್ಲೇ ಅದು ಅವರಿಗೆ ಮುಟ್ಟಲಿ ಅಂತ. ನನ್ನ ಮಗ ಕನಸು ಕಾಣುವುದು ಇಂಗ್ಲಿಷಿನಲ್ಲಿ. ಅವನ ಮಾತಿನಲ್ಲಿ ಅವನಿಗೆ ಅದನ್ನು ಕೊಡಲು ನಾನು ಒಪ್ಪಲಿಲ್ಲ.

ಈಗ ಹೇಳುವುದು ಕಷ್ಟದ ಮಾತು.

2011ರ ಜುಲೈನಲ್ಲಿ ಮಂಗಳೂರಿನಲ್ಲಿ ನನ್ನ ಅಪ್ಪ ಆಸ್ಪತ್ರೆ ಸೇರಿದರು. 19 ದಿನ. ಪ್ರತಿ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡಿದೆವು. ಮಗನಿಗೆ ಆಗ 14. ಅಜ್ಜ ಎಂದರೆ ಅವನಿಗೆ ಪ್ರಾಣ. ಫೋನಿನಲ್ಲಿ ಅಜ್ಜ "ಓದುಲ ಮಗಾ" ಅಂದರೆ ಸಾಕು, ಓದುತ್ತಿದ್ದ. ಅಪ್ಪ ಹೋದರು. ನನ್ನ ಕಾಗದಪತ್ರ ನವೀಕರಣಕ್ಕೆ ಕೊಟ್ಟಿದ್ದೆ, ಹೋಗಲಾಗಲಿಲ್ಲ. ಶವಸಂಸ್ಕಾರದ ಹೊತ್ತಿಗೆ ತಮ್ಮ ಫೋನ್ ಹಿಡಿದುಕೊಂಡು ನಿಂತಿದ್ದ. ಹಾಡು ಕೇಳಿಸಿತು. ಅದಕ್ಕಿಂತ ಮಳೆಯ ಸದ್ದು ಜಾಸ್ತಿ ಕೇಳಿಸಿತು.

ಅಂದು ರಾತ್ರಿ ಓದುವ ಸರದಿ ಮಗನದು. ಬೈಬಲಿನ 23ನೇ ಕೀರ್ತನೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಓದಿ ನಿಲ್ಲಿಸಿದ. "ಅಮ್ಮ, ನಾವು 19 ದಿನ ಕೇಳಿಕೊಂಡೆವಲ್ಲ. ದೇವರು ಯಾಕೆ ಕೇಳಲಿಲ್ಲ?" ಅಂದ.

ನಾನು "ದೇವರನ್ನೇ ಪ್ರಶ್ನೆ ಮಾಡುವಷ್ಟು ದೊಡ್ಡವನಾದೆಯಾ? ಸುಮ್ನೆ ಓದು" ಅಂದೆ.

ಅವನು ಓದಿದ. ಆರೂ ವಚನ ಓದಿ ಮುಗಿಸಿದ. ಆಮೇಲೆ ಮೂರು ವರ್ಷ ದಿನಾ ಪ್ರಾರ್ಥನೆಗೆ ಕೂತ, ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಹುಡುಗ ತಿದ್ದಿಕೊಂಡ ಅಂತ ನಾನು ಅಂದುಕೊಂಡಿದ್ದೆ. ಯೂನಿವರ್ಸಿಟಿಗೆ ಹೊರಟಾಗ ಅವನ ಬೈಬಲ್ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಅವನು ಹೋದ ಮೇಲೆ ನಾನು ಒಬ್ಬಳೇ ಮೊದಲಿನಿಂದ ಸರಿಯಾಗಿ ಓದಲು ಕೂತೆ. ಭಾನುವಾರ ಶಾಲೆಯಲ್ಲಿ ನಮಗೆ ಕಲಿಸಿದ್ದು ಆಯ್ದ ವಚನಗಳು. ಪೂರ್ತಿ ಓದಿದಾಗ ಬೇರೆಯೇ ಕಾಣಿಸುತ್ತದೆ. 13ನೇ ಕೀರ್ತನೆಯ ಮೊದಲ ಎರಡು ವಚನದಲ್ಲೇ ದಾವೀದ ನಾಲ್ಕು ಸಲ "ಎಷ್ಟರ ತನಕ" ಅಂತ ದೇವರನ್ನು ಕೇಳುತ್ತಾನೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಒಂದು ಮಾತಿಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬ ಅಧ್ಯಾಯಗಟ್ಟಲೆ ದೇವರ ಜೊತೆ ವಾದ ಮಾಡುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಬೀಳುವುದು ಅವನ ಬಾಯಿ ಮುಚ್ಚಿಸಲು ನೋಡಿದ ಸ್ನೇಹಿತರ ಮೇಲೆ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮಗನ ಪ್ರಶ್ನೆ ಬೈಬಲಿನಲ್ಲೇ ಇತ್ತು. ಆ ರಾತ್ರಿ ಪುಟ ತಿರುಗಿಸಿ "ನೋಡು, ದಾವೀದನೂ ಇದನ್ನೇ ಕೇಳಿದ್ದಾನೆ" ಅಂತ ತೋರಿಸಿ, ಇಬ್ಬರೂ ಒಟ್ಟಿಗೆ ಅಳಬಹುದಿತ್ತು.

ಮಗಳ ಜೊತೆ ಬೇರೆ ರೀತಿ ಮಾಡಿದೆ. ಕಂಠಪಾಠ ನಿಲ್ಲಿಸಿದೆ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಚಿಕ್ಕದು, 16 ಅಧ್ಯಾಯ. ವಾರಕ್ಕೊಂದು ಅಧ್ಯಾಯ, ಶನಿವಾರ ಬೆಳಿಗ್ಗೆ ದೋಸೆ ತಿನ್ನುವಾಗ. ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ. ಓದಿದ ಮೇಲೆ ಏನು ಅರ್ಥವಾಗಲಿಲ್ಲ, ಏನು ಇಷ್ಟವಾಗಲಿಲ್ಲ ಅಂತ ಕೇಳುತ್ತಿದ್ದೆ. 11ನೇ ಅಧ್ಯಾಯಕ್ಕೆ ಬಂದಾಗ ಅವಳಿಗೆ ಸಿಟ್ಟು ಬಂತು. "ಅದು ಅಂಜೂರದ ಕಾಲವೇ ಅಲ್ಲ ಅಂತ ಬರೆದಿದೆ. ಮತ್ತೆ ಯೇಸು ಆ ಮರವನ್ನು ಶಪಿಸಿದ್ದು ಯಾವ ನ್ಯಾಯ?" ಅಂದಳು. ನನಗೆ ಗೊತ್ತಿಲ್ಲ ಅಂದೆ. ತಾಯಿ ಹಾಗೆ ಹೇಳುವುದು ಅವಳಿಗೂ ಹೊಸದು. ವಾರ ಪೂರ್ತಿ ಇಬ್ಬರೂ ಅದನ್ನೇ ಓದಿದೆವು. ಕೊನೆಗೆ ಕಂಡುಹಿಡಿದದ್ದು ಅವಳೇ. ಮರದ ಕಥೆ ಎರಡು ತುಂಡಾಗಿದೆ, ನಡುವೆ ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ ಕಥೆ ಇದೆ. "ಅಮ್ಮ, ಎಲೆ ತುಂಬಿದ್ದರೂ ಹಣ್ಣಿಲ್ಲದ ಮರ ಎಂದರೆ ಆ ದೇವಾಲಯವೇ ಇರಬೇಕು" ಅಂದಳು. ಅಂದಿನಿಂದ ಅವಳಿಗೆ ನಾನು ಓದು ಅನ್ನಬೇಕಾಗಲಿಲ್ಲ.

ನಿಮ್ಮ ಮಗನನ್ನು ಎದುರಿಗೆ ಕೂರಿಸಿ ಕೇಳಬೇಡಿ. ಈ ವಯಸ್ಸಿನವರು ಮುಖ ನೋಡಿ ಮಾತಾಡುವುದಿಲ್ಲ. ಕಾರಿನಲ್ಲಿ ಪಕ್ಕದಲ್ಲಿ ಕೂತಾಗ ತಾವಾಗಿ ಬಾಯಿ ಬಿಡುತ್ತಾರೆ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ ಮಕ್ಕಳ ಹತ್ತಿರ ಮಾತಾಡಿ ಅಂತ ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ಇದೆಯಲ್ಲ. ಇಲ್ಲಿ ಹೈಸ್ಕೂಲ್ ಮುಗಿಸಲು 40 ಗಂಟೆ ಸಮಾಜಸೇವೆ ಮಾಡಲೇಬೇಕು. ಹಸಿದವರಿಗೆ ಅಕ್ಕಿಬೇಳೆ ಹಂಚುವ ಕಡೆ ಮಾಡಲಿ, ನೀವೂ ಜೊತೆಗೆ ಹೋಗಿ. ಬಡವರ, ಹಸಿದವರ ಮಾತಿರುವ ಲೂಕನ ಸುವಾರ್ತೆ ಆಮೇಲೆ ಬೇರೆ ರೀತಿ ಕೇಳಿಸುತ್ತದೆ. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಎಂಟೂವರೆ ಆದರೆ ಉಡುಪಿಯಲ್ಲಿ ಮರುದಿನ ಬೆಳಿಗ್ಗೆ ಏಳು. ಅಜ್ಜಿಗೆ ಫೋನ್ ಮಾಡಿ ಒಂದು ಕೀರ್ತನೆ ಓದಿಕೊಡಲಿ, ಯಾವುದು ಅಂತ ಅವನೇ ಆರಿಸಲಿ. ಎಲ್ಲಕ್ಕಿಂತ ಮೊದಲು ನೀವು ಓದುವುದನ್ನು ಅವನು ನೋಡಬೇಕು. ನನ್ನ ಅಪ್ಪ ಗಂಜಿ ಕುಡಿಯುವ ಮೊದಲು ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ನಮಗೆ ಏನೂ ಹೇಳುತ್ತಿರಲಿಲ್ಲ.

ನನ್ನ ಮಗನಿಗೆ ಈಗ 28. ಒಳ್ಳೆಯ ಹುಡುಗ, ಕ್ರಿಸ್‌ಮಸ್‌ಗೆ ಬರುತ್ತಾನೆ, ಹಾಡುತ್ತಾನೆ. ಎರಡು ವರ್ಷದ ಹಿಂದೆ ಆ ರಾತ್ರಿಯ ಮಾತು ಎತ್ತಿ, ತಪ್ಪಾಯಿತು ಅಂದೆ. "ಬಿಡಮ್ಮ, ಅದೆಲ್ಲ ಹಳೆಯದು" ಅಂದ. ಅಪ್ಪನ ಬೈಬಲ್ ಬಲ್ಮಠದ ಮನೆಯಲ್ಲಿದೆ, ಅಂಚಿನ ತುಂಬ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಯಾರಿಗೆ ಕಳಿಸಲಿ ಅಂತ ತಮ್ಮ ಕೇಳಿದ. ನನ್ನನ್ನು ಕೇಳಬೇಡ, ನನ್ನ ಮಗನನ್ನೇ ಕೇಳು ಅಂದೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲವಂತೆ.

ಈ ಶನಿವಾರ ನಮ್ಮಲ್ಲಿಗೆ ಬನ್ನಿ, ನೀರುದೋಸೆ ಮಾಡುತ್ತೇನೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ, ಮಗಳೂ ಮನೆಯಲ್ಲಿರುತ್ತಾಳೆ. ಬೈಬಲ್ ತೆಗೆದುಕೋ ಅಂತ ಮಗನಿಗೆ ಹೇಳಬೇಡಿ. ಸುಮ್ನೆ ಬರಲಿ.

ನಿಮ್ಮ ಅಕ್ಕ